ಉರಿಯಲು ಬಿಟ್ಟ ಜೊಂಡು

ಆ ಶುಕ್ರವಾರ ಬೆಳಿಗ್ಗೆ ಫೋನ್ ಬಂದಾಗ ನನಗೆ ಮೊದಲು ಆದದ್ದು ಖುಷಿ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ಕೆರೆಯ ಕಾವಲುಗಾರ ಹಿಂದಿಯಲ್ಲಿ, ಬೆಳಗಿನ ಜಾವ ಗುಡುಗಿತ್ತು, ಉತ್ತರದ ಕೊಳದ ಜೊಂಡಿಗೆ ಸಿಡಿಲು ಬಿದ್ದಿದೆ, ಹೊಗೆ ಏಳುತ್ತಿದೆ ಎಂದ. ನಾನು ಬರುವವರೆಗೆ ಒಂದು ತೊಟ್ಟು ನೀರೂ ಹಾಕಬೇಡಿ ಎಂದು ಹೇಳಿ ಬೂಟು ಹುಡುಕತೊಡಗಿದೆ.

"ರಜೆ ದಿನ ಎಂತ ಇಷ್ಟು ಕುಶಿ?" ಎಂದು ಗಂಡ ಕೇಳಿದರು.

"ಕೆರೆಗೆ ಬೆಂಕಿ ಬಿದ್ದಿದೆ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಚಾ ಲೋಟ ಮುಂದಿಟ್ಟರು.

ಕೆರೆ ಎಂದರೆ ನಮ್ಮ ಊರಿನಂಥ ಕೆರೆಯಲ್ಲ. ನಾವಿರುವ ಕತಾರಿನ ಅಲ್ ವಕ್ರಾದಿಂದ ಮೆಸಯೀದ್ ಕಡೆಗೆ ಅರ್ಧ ಗಂಟೆ ಹೋಗಿ, ಹೆದ್ದಾರಿ ಬಿಟ್ಟು ಬಲಕ್ಕೆ ಮರಳುದಾರಿಯಲ್ಲಿ ಒಂದಷ್ಟು ಕುಲುಕಾಡಿದರೆ ಸಿಗುವ ಎರಡು ದೊಡ್ಡ ಕೊಳಗಳು. ನಗರದ ಕೊಳಚೆ ನೀರನ್ನು ಶುದ್ಧೀಕರಿಸಿದ ಮೇಲೆ ಉಳಿದದ್ದನ್ನು ಪೈಪಿನಲ್ಲಿ ತಂದು ಅಲ್ಲಿ ಬಿಡುತ್ತಾರೆ. ನೀರು ನಿಂತಿತು, ಜೊಂಡು ಬಂತು, ಜೊಂಡಿನ ಹಿಂದೆ ಹಕ್ಕಿಗಳು ಬಂದವು. ಸುತ್ತ ಕಣ್ಣು ಹಾಯಿಸಿದಷ್ಟೂ ಕಲ್ಲು, ಮರಳು. ನಡುವೆ ಬಾತು, ಗುಳುಮುಳುಕ, ನೀರುಕೋಳಿ, ಚಳಿಗಾಲದಲ್ಲಿ ನಾಲ್ಕಾರು ರಾಜಹಂಸ. ಇದನ್ನು ನೋಡಿಕೊಳ್ಳುವ ಗುತ್ತಿಗೆ ನಮ್ಮ ಕಂಪನಿಯದು. ನೀರು, ಸಸ್ಯ, ಹಕ್ಕಿಗಳ ಲೆಕ್ಕವೆಲ್ಲ ನನ್ನ ತಲೆಗೆ.

ಉತ್ತರದ ಕೊಳ ಸಾಯುತ್ತಿತ್ತು. ಜೊಂಡು ದಡದಿಂದ ದಡಕ್ಕೆ ಹಬ್ಬಿ, ಒಣಗಿದ ಕಡ್ಡಿ ವರ್ಷದಿಂದ ವರ್ಷಕ್ಕೆ ಬುಡದಲ್ಲೇ ಬಿದ್ದು, ಮೊಣಕಾಲೆತ್ತರದ ಹಾಸಿಗೆಯಾಗಿತ್ತು. ತೆರೆದ ನೀರೇ ಕಾಣುತ್ತಿರಲಿಲ್ಲ. ಹಕ್ಕಿಗಳು ಒಂದೊಂದಾಗಿ ದಕ್ಷಿಣದ ಕೊಳಕ್ಕೆ ಹೋದವು. ಸೊಳ್ಳೆ ಮಾತ್ರ ಉಳಿದುಕೊಂಡವು. ಯಂತ್ರದಿಂದ ಕತ್ತರಿಸಿದರೆ ಎರಡು ತಿಂಗಳಲ್ಲಿ ಮತ್ತೆ ನಮ್ಮೆತ್ತರ ಬೆಳೆದು ನಿಲ್ಲುತ್ತಿತ್ತು. ಮುಂದಿನ ಬೇಸಿಗೆಯೊಳಗೆ ನೀರು ತೆರೆದುಕೊಳ್ಳದಿದ್ದರೆ ಉತ್ತರದ ಕೊಳಕ್ಕೆ ಮಣ್ಣು ತುಂಬಿಸಿ ಸಮತಟ್ಟು ಮಾಡುತ್ತೇವೆ ಎಂದು ಕೆಲಸ ಕೊಟ್ಟವರು ಬರೆದು ತಿಳಿಸಿಯಾಗಿತ್ತು.

ಜೊಂಡಿಗೆ ಬೆಂಕಿಯೇ ಮದ್ದು ಎಂದು ನಾನು ಮೂರು ವರ್ಷದಿಂದ ಹೇಳುತ್ತಿದ್ದೆ. ಬುಡದಲ್ಲಿ ನೀರು ನಿಂತಿರುವಾಗ ಮೇಲಿನದು ಉರಿದುಹೋದರೆ ಹಾಸಿಗೆ ತೆಳುವಾಗುತ್ತದೆ, ಬೆಳಕು ನೀರಿಗೆ ಇಳಿಯುತ್ತದೆ, ಹಕ್ಕಿಗೆ ಜಾಗವಾಗುತ್ತದೆ. ನಾವಾಗಿಯೇ ಬೆಂಕಿ ಹಾಕಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ನಾನು ಬೇರೊಂದು ದಾರಿ ಹಿಡಿದೆ. ಸಿಡಿಲಿನಿಂದ ತಾನಾಗಿ ಬೆಂಕಿ ಹತ್ತಿದರೆ, ನಾಲ್ಕು ಷರತ್ತು ಕೂಡಿಬಂದರೆ, ಅದನ್ನು ಗಡಿಯೊಳಗೆ ಉರಿಯಲು ಬಿಡಬಹುದು ಎಂಬ ಒಂದು ಕಲಮನ್ನು ನಿರ್ವಹಣಾ ಯೋಜನೆಗೆ ಸೇರಿಸಲು ಮೀಟಿಂಗಿನ ಮೇಲೆ ಮೀಟಿಂಗ್ ಮಾಡಿ ಎಲ್ಲರ ತಲೆ ತಿಂದೆ. ಕೊನೆಗೆ ಸೇರಿಸಿದರು. ನಮ್ಮ ಮ್ಯಾನೇಜರ್ ಉಡುಪಿ ಕಡೆಯವರು. ಅವರು ಎಲ್ಲರ ಎದುರೇ ನಕ್ಕು, "ಕತಾರಿನಲ್ಲಿ ಸಿಡಿಲಿಗೆ ಕಾಯುವವರು ನೀವೊಬ್ಬರೇ ಮೇಡಂ" ಎಂದಿದ್ದರು.

ಷರತ್ತುಗಳು ಇಷ್ಟು: ಗಾಳಿ ಮೆಲ್ಲಗಿದ್ದು ಹೊಗೆ ಹೆದ್ದಾರಿಯ ಕಡೆ ಹೋಗಬಾರದು. ಸುತ್ತ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಕೆರೆದು ಬೋಳು ಮಾಡಿದ ನೆಲ, ಇರಬೇಕು. ಹಕ್ಕಿ ಗೂಡು ಕಟ್ಟುವ ಕಾಲವಾಗಿರಬಾರದು. ಜೊಂಡಿನ ಬುಡದಲ್ಲಿ ಕನಿಷ್ಠ ಮೂವತ್ತು ಸೆಂಟಿಮೀಟರ್ ನೀರು ನಿಂತಿರಬೇಕು. ಕೊನೆಯದೇ ಮುಖ್ಯ. ನೀರಿಲ್ಲದಿದ್ದರೆ ಬೆಂಕಿ ಆ ಒಣ ಹಾಸಿಗೆಯೊಳಗೆ ಇಳಿದು, ಮೇಲಿಂದ ಕಾಣದೆ ವಾರಗಟ್ಟಲೆ ಒಳಗೇ ಉರಿಯುತ್ತ ಕೂರುತ್ತದೆ. ಇದನ್ನು ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಟ್ಟವಳು ನಾನೇ.

ನಾನು ತಲುಪುವಾಗ ಏಳೂವರೆ. ಡಿಸೆಂಬರಿನ ತಿಳಿಬಿಸಿಲು, ಮಳೆ ನಾಲ್ಕು ಹನಿ ಬಿದ್ದು ನಿಂತಿತ್ತು. ಎಕ್ಸ್‌ಕವೇಟರ್ ಆಪರೇಟರ್ ಆಗಲೇ ಬಂದು ಯಂತ್ರದ ಎಂಜಿನ್ ಬಿಸಿ ಮಾಡುತ್ತಿದ್ದರು. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿಗಳು, ಐವತ್ತೆಂಟು ವರ್ಷ, ಹಜ್ ಮುಗಿಸಿದವರಾದ್ದರಿಂದ ನಾವೆಲ್ಲ ಹಾಜಿಯವರೆ ಎಂದೇ ಕರೆಯುತ್ತಿದ್ದೆವು. ಜೊಂಡಿನ ಯಾವ ಮೂಲೆಯಲ್ಲಿ ಯಾವ ಹಕ್ಕಿ ಎಂಬುದು ನನ್ನ ಲ್ಯಾಪ್‌ಟಾಪಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಒಮ್ಮೆ ನೀರುಕೋಳಿಯ ಗೂಡು ಎದುರಾಯಿತೆಂದು ಯಂತ್ರ ನಿಲ್ಲಿಸಿ, ಫೋರ್‌ಮನ್ ಬೈದರೂ ಬಕೆಟ್ ಎತ್ತದೆ ಕೂತವರು.

"ಕಡೆಗೂ ಬಂತಲ್ಲ ನಿಮ್ಮ ಬೆಂಕಿ" ಎಂದರು.

"ನನ್ನದಲ್ಲ, ಆಕಾಶದ್ದು."

"ಕಾಗದಕ್ಕೆ ಸಹಿ ಹಾಕುವವರು ನೀವಲ್ವಾ, ಹಾಗಾದ್ರೆ ನಿಮ್ಮದೇ."

ಕಾಗದ ಎಂದರೆ ಎರಡು ಪುಟದ ಫಾರಂ. ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ಗಾಳಿ ಅಳೆದೆ: ಗಂಟೆಗೆ ಒಂಬತ್ತು ಕಿಲೋಮೀಟರ್, ಆಗ್ನೇಯದಿಂದ. ಹೊಗೆ ಹೆದ್ದಾರಿಗೆ ಬೆನ್ನು ಹಾಕಿ ಮರಳುಗಾಡಿನ ಕಡೆಗೆ ಹೋಗುತ್ತಿತ್ತು. ಎರಡು ಕೊಳಗಳ ನಡುವಿನ ದಂಡೆಯ ಮೇಲೆ ಬೆಂಕಿ ರೇಖೆ ಇತ್ತು, ಹಾಜಿಯವರು ಅಕ್ಟೋಬರಿನಲ್ಲೇ ಕೆರೆದಿದ್ದರು. ಗೂಡಿನ ಕಾಲಕ್ಕೆ ಇನ್ನೂ ಎರಡು ತಿಂಗಳು. ಕೊನೆಗೆ ನೀರು. ದಾರಿಯ ಪಕ್ಕದಲ್ಲೇ ನೀರಿನ ಮಟ್ಟ ತೋರಿಸುವ ಅಳತೆ ಪಟ್ಟಿ ನಿಂತಿದೆ, ಕಾರಿನ ಗಾಜು ಇಳಿಸಿದರೆ ಓದಬಹುದು. ಅರವತ್ತು ಸೆಂಟಿಮೀಟರ್. ಬೇಕಾದದ್ದರ ಎರಡು ಪಟ್ಟು. ನಾನು ಅರವತ್ತು ಎಂದು ಬರೆದು ಪಕ್ಕದಲ್ಲಿ ಸರಿ ಗುರುತು ಹಾಕಿದೆ.

ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಮನೆಯಲ್ಲಿದ್ದರು, ಹಿಂದೆ ಮಕ್ಕಳ ಗಲಾಟೆ. "ನಾಲ್ಕೂ ಓಕೆನಾ? ನೀವು ಸಹಿ ಹಾಕ್ತೀರಿ ಅಂತಾದ್ರೆ ನಂದೂ ಓಕೆ. ಆದ್ರೆ ಮೇಡಂ, ರಸ್ತೆಗೆ ಹೊಗೆ ಬಂದ್ರೆ ಖಲಾಸ್, ಆ ಕ್ಷಣ ಆರಿಸ್ಬೇಕು" ಎಂದರು. ನಾನು ಸಹಿ ಹಾಕಿದೆ. ಅಗ್ನಿಶಾಮಕ ದಳಕ್ಕೆ ತಿಳಿಸಿದೆ. ಅವರು ಒಂದು ವಾಹನ ಕಳಿಸಿ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿದರು. ನಮ್ಮವೇ ನಾಲ್ಕು ಟ್ಯಾಂಕರ್‌ಗಳು ದಂಡೆಯ ಮೇಲೆ ಸಾಲಾಗಿ ನಿಂತವು.

ಒಣ ಜೊಂಡು ಉರಿಯುವುದನ್ನು ಹತ್ತಿರದಿಂದ ನೋಡಿದವರಿಗೇ ಗೊತ್ತು. ಟೊಳ್ಳು ಕಡ್ಡಿಯೊಳಗಿನ ಗಾಳಿ ಬಿಸಿಯಾಗಿ ಪಟಪಟನೆ ಒಡೆಯುತ್ತದೆ, ಮಾತು ಕೇಳಿಸುವುದಿಲ್ಲ. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಗಾಳಿ, ಜ್ವಾಲೆಯ ಎತ್ತರ, ಹೊಗೆಯ ದಿಕ್ಕು, ಮೂರನ್ನೂ ಬರೆದುಕೊಳ್ಳುತ್ತಿದ್ದೆ. ಬೆಂಕಿ ನಾನು ನಕ್ಷೆಯಲ್ಲಿ ಗೆರೆ ಎಳೆದ ಕಡೆಗೇ ಹೋಗುತ್ತಿತ್ತು. ಹನ್ನೊಂದು ಗಂಟೆಗೆ ಹಾಜಿಯವರು ಬಂದು, "ಜುಮಾಕ್ಕೆ ಹೋಗಿ ಬರ್ಲಾ? ಇಲ್ಲೇ ಮೆಸಯೀದಿನ ಮಸೀದಿ. ಒಂದೂವರೆ ಗಂಟೆ ಸಾಕು" ಎಂದರು. ಹೋಗಿ ಬನ್ನಿ, ಬೆಂಕಿ ಹೇಳಿದ ಮಾತು ಕೇಳುತ್ತಿದೆ ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆ, ಒಂದು ಮಾತು ಹೆಚ್ಚೇ ಆಡುತ್ತದೆ.

ಹನ್ನೆರಡು ಕಳೆಯುತ್ತಲೇ ಗಾಳಿ ತಿರುಗಿತು. ವಾಯವ್ಯದಿಂದ ಬೀಸುವ ಶಮಾಲ್ ಮುಂದಿನ ವಾರ ಬರಬೇಕಿದ್ದದ್ದು, ಅದರ ಮುಂಗುಡಿ ಒಂದು ಗಂಟೆಯ ಮಟ್ಟಿಗೆ ಇಣುಕಿ ನೋಡಿತು. ಗಾಳಿ ಒಂಬತ್ತರಿಂದ ಇಪ್ಪತ್ತಾರಕ್ಕೆ ಏರಿತು. ಹೊಗೆ ನಮ್ಮ ಮುಖಕ್ಕೇ ಬಂತು, ಪುಣ್ಯಕ್ಕೆ ಹೆದ್ದಾರಿ ಮುಟ್ಟಲಿಲ್ಲ. ಕಿಡಿಗಳು ದಂಡೆ ದಾಟಿ, ಬೆಂಕಿ ರೇಖೆ ದಾಟಿ, ದಕ್ಷಿಣದ ಕೊಳದ ಅಂಚಿನ ಜೊಂಡಿನಲ್ಲಿ ಬಿದ್ದವು. ಆ ಕೊಳದಲ್ಲಿ ಅಷ್ಟೂ ಹಕ್ಕಿಗಳಿದ್ದವು. ಎರಡು ಟ್ಯಾಂಕರ್‌ಗಳ ಪೈಪು ಎಳೆಸಿದೆ, ಒಂದರ ಪಂಪು ಕೈಕೊಟ್ಟಿತು. ಕೈಕಾಲು ಬಿಟ್ಟು ನಿಂತಿದ್ದೆ ಎಂದರೆ ತಪ್ಪಲ್ಲ.

ಅಷ್ಟರಲ್ಲಿ ಹಾಜಿಯವರ ಪಿಕಪ್ ಧೂಳೆಬ್ಬಿಸಿಕೊಂಡು ಬಂತು. ನಮಾಜಿಗೆ ಹಾಕಿದ್ದ ಬಿಳಿ ಅಂಗಿಯಲ್ಲೇ ಯಂತ್ರ ಹತ್ತಿದರು. ಉರಿಯುತ್ತಿದ್ದ ಮೂರು ಗುಂಪು ಜೊಂಡನ್ನು ಬೇರುಸಮೇತ ಬಕೆಟ್ಟಿನಲ್ಲಿ ಎತ್ತಿ, ತಿರುಗಿಸಿ, ಆ ಕೊಳದ ತೆರೆದ ನೀರಿಗೆ ಮಗುಚಿದರು. ನಾಲ್ಕನೆಯದನ್ನು ಬಕೆಟ್ಟಿನ ಬೆನ್ನಿನಿಂದ ಒತ್ತಿ ಕೆಸರಿನೊಳಗೆ ಹುಗಿದರು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಇಳಿದು ಬಂದು, "ಅಂಗಿ ಹಾಳಾಯ್ತು, ಹೊಸತು" ಎಂದಷ್ಟೇ ಹೇಳಿದರು. ಗಾಳಿಯೂ ಬಿದ್ದುಹೋಯಿತು. ಆರಿಸಿಬಿಡೋಣವೇ ಎಂದು ನಾನು ಕೇಳಿದ್ದಕ್ಕೆ, "ಇಷ್ಟು ದೂರ ಬಂದು? ಇನ್ನು ಅರ್ಧ ದಿನದ ಆಟ. ಬಿಡಿ ಮೇಡಂ, ನಾನಿಲ್ಲೇ ಇರ್ತೇನೆ" ಎಂದರು. ಬಿಟ್ಟೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಜ್ವಾಲೆ ತಾನಾಗಿ ತಗ್ಗಿತು. ಉತ್ತರದ ಕೊಳದ ಮುಕ್ಕಾಲು ಭಾಗ ಕರಿ ಬಯಲು. ಅಂಚಿನಲ್ಲಿ ಎಷ್ಟೋ ವರ್ಷದ ಮೇಲೆ ಒಂದು ಪಟ್ಟಿ ನೀರು ಬಿಸಿಲಿಗೆ ಕಂಡಿತು, ಸಂಜೆಗೆ ಮೊದಲೇ ಏಳು ಬಾತುಗಳು ಅದರಲ್ಲಿ ಇಳಿದವು. ನಾನು ದಂಡೆಯ ಮೇಲೆ ಕೂತು ಅತ್ತೆ. ಹಾಜಿಯವರು ನೋಡಿಯೂ ನೋಡದವರಂತೆ ಯಂತ್ರಕ್ಕೆ ಗ್ರೀಸ್ ಹಚ್ಚುತ್ತಿದ್ದರು. ಕರಿ ಬಯಲಿನಲ್ಲಿ ಅಲ್ಲಲ್ಲಿ ಬೆಳ್ಳಗಿನ ಹೊಗೆ ಎಳೆಯೆಳೆಯಾಗಿ ಏಳುತ್ತಿತ್ತು. ಬಿಸಿ ಬೂದಿ ನೀರಿಗೆ ತಾಗಿ ಬರುವ ಹಬೆ ಎಂದು ನಾನು ದಿನಚರಿಯಲ್ಲಿ ಬರೆದೆ.

ಭಾನುವಾರ ಕೆಲಸದ ದಿನ. ಬೆಳಿಗ್ಗೆ ಎಂಟಕ್ಕೆ ಎಲ್ಲರನ್ನೂ ನಿಲ್ಲಿಸಿ ಸುರಕ್ಷತೆಯ ಮಾತು ಹೇಳಿಯಾಯಿತು. ಸುಟ್ಟ ಜಾಗದ ನಡುವೆ ಒಂದು ಗುಂಪು ಜೊಂಡು ಉರಿಯದೆ ನಿಂತಿತ್ತು. ಅದನ್ನು ಯಂತ್ರದಿಂದ ತೆಗೆಸಬೇಕಿತ್ತು, ಆದರೆ ಅಲ್ಲಿ ನೆಲ ಯಂತ್ರದ ಭಾರ ತಡೆಯುತ್ತದೆಯೇ ಎಂದು ಮೊದಲು ನಡೆದು ನೋಡಬೇಕು. ಸುಟ್ಟ ಜಾಗದೊಳಗೆ ಕಾಲಿಡುವ ಮೊದಲು ಒಂದು ಪರವಾನಗಿ ಕಾಗದ ಬರೆಯಬೇಕೆಂಬ ನಿಯಮವಿದೆ. ಆ ಕಾಗದದ ಪುಸ್ತಕ ಕಾರಿನಲ್ಲಿತ್ತು. ಕಾರು ಇನ್ನೂರು ಮೀಟರ್ ಆಚೆ. ಆಮೇಲೆ ಬರೆದರಾಯಿತು ಎಂದುಕೊಂಡೆ.

"ಅಡಿಯಲ್ಲಿ ನೀರು ಉಂಟಲ್ವಾ?" ಎಂದು ಹಾಜಿಯವರು ಕೇಳಿದರು.

"ಉಂಟು, ಬೇಕಾದಷ್ಟು. ಕೆಸರಿರಬಹುದು, ಮೆಲ್ಲ ಹೋಗಿ" ಎಂದೆ.

ಹತ್ತು ಹೆಜ್ಜೆ ಸರಿಯಾಗಿ ಹೋದರು. ಹನ್ನೊಂದನೆಯದೋ ಹನ್ನೆರಡನೆಯದೋ ಹೆಜ್ಜೆಗೆ ಬಲಗಾಲು ಬೂದಿಯೊಳಗೆ ಇಳಿಯಿತು, ಮೊಣಕಾಲಿನ ಕೆಳಗಿನವರೆಗೆ. ಕೆಸರಿಗೆ ಇಳಿದರು ಎಂದೇ ಅಂದುಕೊಂಡೆ. ಅವರು ಕೂಗಲಿಲ್ಲ. "ಯಾ ಅಲ್ಲಾಹ್" ಎಂದು ಮೆಲ್ಲಗೆ ಹೇಳಿ, ಎರಡೂ ಕೈಯಿಂದ ತೊಡೆ ಹಿಡಿದು ಎಳೆಯುತ್ತಿದ್ದರು. ಬೇರುಗಳ ಸಿಕ್ಕಿನಲ್ಲಿ ಬೂಟು ಸಿಕ್ಕಿಕೊಂಡಿತ್ತು. ಕಾಲಿನ ಸುತ್ತ ಬೂದಿ ಕುಸಿದಾಗ ಕೆಳಗೆ ಕೆಂಪಗೆ ಕಂಡಿತು. ಟ್ಯಾಂಕರ್ ಚಾಲಕನೊಬ್ಬ ಹಲಗೆ ಹಾಕಿಕೊಂಡು ಓಡಿ, ಅವರ ಕಂಕುಳಿಗೆ ಕೈಕೊಟ್ಟು ಎಳೆದ. ಬೂಟಿನ ಅಡಿ ಅರ್ಧ ಕರಗಿತ್ತು. ಆಂಬುಲೆನ್ಸ್ ಬರುವವರೆಗೆ ಟ್ಯಾಂಕರಿನ ನೀರನ್ನು ಕಾಲಿನ ಮೇಲೆ ಬಿಡುತ್ತ ನಾನು ಕೂತಿದ್ದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಒಮ್ಮೆ ಮಾತ್ರ ಕಣ್ಣು ತೆರೆದು, ಯಂತ್ರದ ಎಂಜಿನ್ ಚಾಲೂ ಉಂಟು, ಆಫ್ ಮಾಡಿಸಿ ಎಂದರು.

ಆಂಬುಲೆನ್ಸ್ ಹೋದ ಮೇಲೆ ನಾನು ಒಂದು ಕಬ್ಬಿಣದ ಸರಳು ತೆಗೆದುಕೊಂಡು, ಹಲಗೆಯ ಮೇಲೆ ನಿಂತು, ಸುಟ್ಟ ಜಾಗದಲ್ಲಿ ಹೆಜ್ಜೆಗೊಮ್ಮೆ ಚುಚ್ಚಿ ನೋಡಿದೆ. ಮೇಲೆ ಬೂದಿಯ ಹೆಪ್ಪು, ಅದರ ಕೆಳಗೆ ಮೊಳದಷ್ಟು ಒಣ ಹಾಸಿಗೆ, ಒಳಗೊಳಗೇ ಉರಿಯುತ್ತಿದೆ. ಅದಕ್ಕೂ ಕೆಳಗೆ ಸರಳಿನ ತುದಿಗೆ ನೀರು ತಾಗಿತು. ಹತ್ತು ಸೆಂಟಿಮೀಟರ್. ಎಲ್ಲಿ ಚುಚ್ಚಿದರೂ ಹತ್ತು, ಹನ್ನೆರಡು. ತಿರುಗಿ ಅಳತೆ ಪಟ್ಟಿ ನೋಡಿದೆ. ಅದು ಅರವತ್ತನ್ನೇ ತೋರಿಸುತ್ತ ನಿಂತಿತ್ತು.

ಆಗ ಜುಲೈ ನೆನಪಾಯಿತು. ಹಳೆಯ ಪಟ್ಟಿ ಜೊಂಡಿನ ನಡುವೆ ಇತ್ತು, ಓದಲು ದಂಡೆಯ ಮೇಲೆ ನಡೆದು ನೀರಿಗೆ ಇಳಿಯಬೇಕಿತ್ತು. ಜುಲೈಯಲ್ಲಿ ಒಬ್ಬ ಸಹಾಯಕ ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲಿಗೆ ತಲೆತಿರುಗಿ ಬಿದ್ದ. ಯಾರೂ ಕಾರಿನಿಂದ ಇಳಿಯುವುದೇ ಬೇಡ ಎಂದು ನಾನೇ ಪಟ್ಟಿಯನ್ನು ದಾರಿಯ ಪಕ್ಕಕ್ಕೆ ತರಿಸಿದೆ. ಅಲ್ಲಿ ನೀರು ಬರಲೆಂದು ಹಾಜಿಯವರು ಅರ್ಧ ಮೀಟರ್ ಆಳದ ಒಂದು ಕಾಲುವೆ ತೋಡಿಕೊಟ್ಟರು. ಪಟ್ಟಿ ನಿಂತದ್ದು ಆ ಕಾಲುವೆಯ ತಳದಲ್ಲಿ. ಅಂದರೆ ಅದು ತೋರಿಸುವುದರಲ್ಲಿ ಐವತ್ತು ಕಳೆದರೆ ಜೊಂಡಿನ ಬುಡದ ನೀರು. ಇದನ್ನು ನನ್ನ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಆದರೆ ಆಮೇಲಿನ ತಿಂಗಳುಗಳಲ್ಲಿ ನಮಗೆ ಬೇಕಾಗಿದ್ದದ್ದು ನೀರು ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂಬುದು ಮಾತ್ರ. ಕಳೆಯುವ ಅಭ್ಯಾಸವೇ ಹೋಗಿತ್ತು. ಫಾರಮ್ಮಿನಲ್ಲೂ ಅದನ್ನು ಸೇರಿಸಿರಲಿಲ್ಲ.

ಒಳಗಿನ ಬೆಂಕಿ ಆರಿಸಲು ಒಂದೇ ದಾರಿ, ಕೊಳವನ್ನು ತುಂಬಿಸುವುದು. ದಕ್ಷಿಣದ ಕೊಳದ ಗೇಟು ತೆರೆಸಿ, ಪೈಪಿನಿಂದ ಬರುವ ನೀರನ್ನೂ ಉತ್ತರಕ್ಕೆ ತಿರುಗಿಸಿದೆ. ಮೂರು ದಿನ ಹಿಡಿಯಿತು. ನೀರು ಏರಿದಂತೆ ಕೊಳದ ತುಂಬ ಬುಸುಬುಸು ಸದ್ದು, ಕೊಳೆತ ಮೊಟ್ಟೆಯ ವಾಸನೆ. ಬುಧವಾರ ಶಮಾಲ್ ಜೋರಾಗಿ, ಕೊಳದಿಂದ ಏಳುತ್ತಿದ್ದ ಹೊಗೆ ಹೆದ್ದಾರಿಗೂ ಹೋಯಿತು. ಎರಡು ಗಂಟೆ ವಾಹನಗಳನ್ನು ಬೇರೆ ದಾರಿಯಲ್ಲಿ ಕಳಿಸಿದರು. ಗುರುವಾರ ಸರಳು ಚುಚ್ಚಿದಲ್ಲೆಲ್ಲ ತಣ್ಣಗಿತ್ತು.

ಅದೇ ಮಧ್ಯಾಹ್ನ ಮ್ಯಾನೇಜರ್ ಬಾಗಿಲು ಹಾಕಿಕೊಂಡು ಮಾತಾಡಿದರು. ಮೇಜಿನ ಮೇಲೆ ಅಪಘಾತದ ವರದಿಯ ಫಾರಂ ಇತ್ತು. ಕಾರಣ ಎಂಬ ಜಾಗ ಖಾಲಿ.

"ನೋಡಿ ಮೇಡಂ, ಸಿಂಪಲ್ ಉಂಟು. ಪರ್ಮಿಟ್ ಇಲ್ಲದೆ ಅವ್ರು ಒಳಗೆ ಹೋದ್ರು. ಹೌದಾ ಅಲ್ವಾ?"

"ನಾನು ಹೇಳಿದ್ದಕ್ಕೆ ಹೋದ್ರು."

"ಪರ್ಮಿಟ್ ಇತ್ತಾ?"

"ಇಲ್ಲ."

"ಮತ್ತೆ? ಹಾಗೇ ಬರೀರಿ. ಆಗ ಪದ್ಧತಿ ಸರಿ, ಕೆಲಸದವನ ತಪ್ಪು ಅಂತಾಗ್ತದೆ. ನಿಮ್ಮ ಕಲಂ ಉಳೀತದೆ, ಕೊಳ ಉಳೀತದೆ. ಬಾತು ಇಳಿದ ಫೋಟೋ ಕ್ಲೈಂಟಿನವರಿಗೆ ಹಿಡಿಸಿಯಾಗಿದೆ, ಮಣ್ಣು ಹಾಕುವ ಮಾತು ಒಂದು ವರ್ಷ ಮುಂದೆ ಹೋಗ್ತದೆ ಅಂದಿದ್ದಾರೆ. ಹಾಜಿಯವರಿಗೆ ಒಂದು ವಾರ್ನಿಂಗ್ ಲೆಟರ್, ಅಷ್ಟೇ. ಆಸ್ಪತ್ರೆದೆಲ್ಲ ಕಂಪನಿ ನೋಡ್ಕೊಳ್ತದೆ, ಅದಕ್ಕೆ ಎಂತ ತೊಂದರೆ ಇಲ್ಲ." ಫಾರಮ್ಮನ್ನು ನನ್ನ ಕಡೆ ಸರಿಸಿ, "ಅದೇ ನೀವು ಹೇಳಿದ ಗೇಜಿನ ಕಥೆ ಬರೆದ್ರೆ, ಅಳತೆಯೇ ತಪ್ಪು, ಇವರ ಕೈಯಲ್ಲಿ ಬೆಂಕಿ ಕೊಡಬಾರ್ದು ಅಂತಾರೆ. ಅಲ್ಲಿಗೆ ಮುಗೀತು" ಎಂದರು.

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಫಾರಂ ಮನೆಗೆ ತಂದು ಎರಡು ದಿನ ಇಟ್ಟುಕೊಂಡೆ. ಹಾಜಿಯವರ ಮೇಲೆ ತಪ್ಪು ಹೊರಿಸಿ ಕೊಳ ಉಳಿಸಿಕೊಳ್ಳುವ ನೀಚತನ ನನ್ನಿಂದಾಗದು ಎಂದು ಗಂಡನೊಂದಿಗೆ ಜೋರು ಜೋರಾಗಿ ಹೇಳಿದೆ. ಅವರು ಯಾವ ಪಕ್ಷವನ್ನೂ ಹಿಡಿಯಲಿಲ್ಲ. "ಹಾಜಿಯವರನ್ನು ನೋಡಿ ಬಂದೆಯಾ?" ಎಂದು ಮಾತ್ರ ಕೇಳಿದರು. ಹೋಗಿರಲಿಲ್ಲ. ವರದಿ ಕೊಡದೆ ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಭಾನುವಾರ ಬೆಳಿಗ್ಗೆ ಬರೆದೆ: ಪಟ್ಟಿಯ ಅಳತೆಯಿಂದ ಐವತ್ತು ಕಳೆಯದೆ ಓದಿದ್ದು ನಾನು, ನೀರಿದೆ ಎಂದು ಹೇಳಿದ್ದು ನಾನು, ಪರವಾನಗಿ ಕಾಗದ ಬರೆಯದೆ ಒಳಗೆ ಕಳಿಸಿದ್ದು ನಾನು. ನಾಲ್ಕು ಸಾಲು. ಸಹಿ ಹಾಕಿದಾಗ ಮನಸ್ಸು ಹಗುರಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಮ್ಯಾನೇಜರ್ ಹೇಳಿದಂತೆಯೇ ಆಯಿತು. ಜನವರಿ ಮುಗಿಯುವ ಮೊದಲು ಪತ್ರ ಬಂತು. ಬೆಂಕಿ ಯಾವ ಕಾರಣದಿಂದ ಹತ್ತಿದರೂ ಕೂಡಲೇ ಆರಿಸಬೇಕು. ಉರಿಯಲು ಬಿಡುವ ಕಲಂ ರದ್ದು. ಜೊಂಡು ಹೇಗೂ ಮತ್ತೆ ಬೆಳೆಯುವುದರಿಂದ ಉತ್ತರದ ಕೊಳಕ್ಕೆ ಮಣ್ಣು ತುಂಬಿಸುವುದು. ಯೋಜನೆಯ ಕಡತ ನನ್ನ ಕೈಯಲ್ಲೇ ಇದ್ದದ್ದರಿಂದ ಆ ಕಲಮನ್ನು ಅಳಿಸುವ ಕೆಲಸವೂ ನನಗೇ ಬಂತು. ಹಕ್ಕಿಗಳು ಗೂಡು ಕಟ್ಟಲು ಶುರುಮಾಡುವ ಮೊದಲೇ ಮಣ್ಣಿನ ಕೆಲಸ ಮುಗಿಯಬೇಕು ಎಂದು ದಿನಾಂಕ ಸೂಚಿಸಿದವಳೂ ನಾನೇ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆಯ ಪತ್ರ ಕೊಟ್ಟು, ಪ್ರಾಮಾಣಿಕತೆಯನ್ನು ಗಮನಿಸಿದ್ದೇವೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು.

ಹಾಜಿಯವರ ಬಲಗಾಲಿನ ಎರಡು ಬೆರಳು ತೆಗೆದರು, ತೊಡೆಯ ಚರ್ಮ ತೆಗೆದು ಪಾದಕ್ಕೆ ಹಾಕಿದರು. ಯಂತ್ರದ ಪೆಡಲ್ ಒತ್ತಲು ಆ ಕಾಲು ಆಗುವುದಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಊರಿಗೆ ಹೋಗುವ ಟಿಕೆಟ್ ಆಯಿತು. ವರದಿ ಕೊಟ್ಟ ಮೇಲೆ ಆಸ್ಪತ್ರೆಗೆ ನಾನು ಎರಡು ಸಲ ಹೋಗಿದ್ದೆ, ಎರಡು ಸಲವೂ ಅವರು ಊರಿನ ಮನೆಯವರೊಡನೆ ಫೋನಿನಲ್ಲಿದ್ದರು, ಹಣ್ಣು ಇಟ್ಟು ಬಂದಿದ್ದೆ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಮೆಸಯೀದಿನಲ್ಲಿ ಅವರಿದ್ದ ಕಂಪನಿ ವಸತಿಗೆ ಹೋದೆ. ಕೆಳಗೆ ಊಟದ ಹಾಲಿನಲ್ಲಿ ಕೂತೆವು. ಊಟದ ಹೊತ್ತು ಮುಗಿದು ಮೇಜುಗಳನ್ನು ಒರೆಸುತ್ತಿದ್ದರು. ಅವರು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡರು.

"ಉಪ್ಪಿನಂಗಡಿಯಲ್ಲಿ ಇನ್ನು ಎಂತ ಮಾಡ್ತೀರಿ?" ಎಂದೆ. ಕೇಳಲು ಬೇರೆ ಏನೂ ತೋಚಲಿಲ್ಲ.

"ಮಗಳ ಮನೆ ಉಂಟು. ಮೊಮ್ಮಕ್ಕಳಿದ್ದಾರೆ. ಕೂತ್ಕೊಳ್ಳುದು" ಎಂದರು. ಆಮೇಲೆ, "ಮಣ್ಣು ಹಾಕ್ಲಿಕ್ಕೆ ಶುರು ಮಾಡಿದ್ರಂತೆ" ಎಂದರು.

"ಹೌದು. ಸೋಮವಾರದಿಂದ."

"ಯಂತ್ರ ಯಾರು ಓಡಿಸುದು?"

"ಹೊಸಬರು. ಮೆಲ್ಲ ಓಡಿಸಲಿಕ್ಕೆ ಹೇಳಿದ್ದೇನೆ, ಹಕ್ಕಿ ಏಳಲಿ ಅಂತ."

ಅವರು ತಲೆಯಾಡಿಸಿದರು. ನಾನು ಹಲವು ದಿನಗಳಿಂದ ಬಾಯಿಪಾಠ ಮಾಡಿದ್ದನ್ನು ಹೇಳಿದೆ, ತಪ್ಪಾಯಿತು ಹಾಜಿಯವರೆ, ನೀರಿದೆ ಎಂದು ನಾನು ಹೇಳಿದೆ, ನೀವು ನಂಬಿದಿರಿ ಎಂದು. ಅವರು ಕೈ ಅಡ್ಡ ಆಡಿಸಿ, "ಆ ಕಾಲುವೆ ತೋಡಿದ್ದೇ ನಾನು. ಎಷ್ಟು ಆಳ ಅಂತ ನನಗೆ ಗೊತ್ತಿರ್ಲಿಲ್ವಾ? ನನಗೂ ಹೊಳೀಲಿಲ್ಲ. ಅದು ಬಿಡಿ" ಎಂದರು.

"ವರದಿಯಲ್ಲಿ ನಿಮ್ಮ ಹೆಸರಿಗೆ ಏನೂ ಬರದ ಹಾಗೆ ಬರೆದಿದ್ದೇನೆ" ಎಂದೆ. ಅವರು ಸಮಾಧಾನಪಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ.

"ಮ್ಯಾನೇಜರ್ ಹೇಳಿದ್ರು. ನನ್ನ ಮೇಲೆ ಹಾಕಿದ್ರೆ ಕೊಳ ಉಳೀತಿತ್ತಂತೆ, ಹೌದಾ?"

"ಹೌದು."

ಮೇಜು ಒರೆಸುವವನು ನಮ್ಮ ಮೇಜಿಗೆ ಬಂದ. ಅವನು ಒರೆಸಿ ಹೋಗಲೆಂದು ಹಾಜಿಯವರು ಮೊಣಕೈ ಎತ್ತಿಕೊಂಡರು.

"ಪರ್ಮಿಟ್ ಇಲ್ಲದೆ ಹೋದದ್ದು ನಾನಲ್ವಾ ಮೇಡಂ? ಅದು ಸುಳ್ಳೂ ಆಗ್ತಿರ್ಲಿಲ್ಲ. ಲೆಟರ್ ಕೊಟ್ಟಿದ್ರೆ ಎಂತ ಆಗ್ತಿತ್ತು ನನಗೆ, ಹೇಗೂ ಹೋಗುವವ. ನನ್ನ ಕಾಲು ಹೋಗಿ ಆಗಿತ್ತು. ಕೊಳ ಹೋಗಿರ್ಲಿಲ್ಲ." ಸಿಟ್ಟಿನಿಂದ ಹೇಳಿದ್ದಲ್ಲ. ಆಯಾಸದಿಂದ ಹೇಳಿದರು. "ಬರೆಯುವ ಮೊದಲು ನನ್ನ ಹತ್ತಿರ ಒಂದು ಮಾತು ಕೇಳ್ಬಹುದಿತ್ತು ನೀವು."

ಕೇಳಬಹುದಿತ್ತು. ಆ ಎರಡು ದಿನವೂ ಅವರು ಅಲ್ ವಕ್ರಾದ ಆಸ್ಪತ್ರೆಯಲ್ಲಿ, ನನ್ನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಎಚ್ಚರವಾಗಿಯೇ ಇದ್ದರು. ಅವರನ್ನು ಕೇಳಬೇಕೆಂದು ನನಗೆ ಒಂದು ಸಲವೂ ಅನ್ನಿಸಿರಲಿಲ್ಲ.